ಬಕೆಟ್ ಶೌಚಾಲಯವೋ, ಎರಡು ತೊಟ್ಟಿಯದೋ?

ಹಳ್ಳಿ ಮನೆಗೆ ಗೊಬ್ಬರದ ಶೌಚಾಲಯ, ಅಂದರೆ ನೀರು ಸುರಿಯದೆ ಮಲವನ್ನೇ ಗೊಬ್ಬರ ಮಾಡುವಂಥದ್ದು, ಬೇಕು ಅಂದುಕೊಂಡಿದ್ದೀರಾ? ಫ್ಯಾನು, ಹೀಟರ್ ಇರುವ ರೆಡಿಮೇಡ್ ಯಂತ್ರಗಳು ಕರೆಂಟ್ ಕೈಕೊಡದ ಕಡೆ ಮಾತ್ರ ಸರಿ. ಉಳಿದದ್ದು ಎರಡು: ಬಕೆಟ್ಟಿನದು, ಎರಡು ತೊಟ್ಟಿಯದು.

ಬಕೆಟ್ ಮಾದರಿಗೆ ಖರ್ಚು ತೀರಾ ಕಡಿಮೆ. 20 ಲೀಟರ್ ಬಕೆಟ್, ಮೇಲೊಂದು ಸೀಟು, ಪಕ್ಕದಲ್ಲಿ ಮರದ ಹೊಟ್ಟು. ಪ್ರತಿ ಸಲವೂ ಹೊಟ್ಟು ಮುಚ್ಚಬೇಕು, ಮರೆತರೆ ನೊಣ, ವಾಸನೆ. ಒಬ್ಬರಿಗೆ ಹೆಚ್ಚುಕಡಿಮೆ ಒಂದು ವಾರ ಬರುತ್ತದೆ. ನಾಲ್ಕು ಜನರಿದ್ದರೆ ಎರಡೇ ದಿನ! ತುಂಬಿದ್ದನ್ನು ಹೊರಗಿನ ಗೊಬ್ಬರದ ರಾಶಿಗೆ ಹೊರುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ಜಗಳ ಶುರುವಾಗುವುದೇ ಅಲ್ಲಿ.

ಎರಡು ತೊಟ್ಟಿಯದಕ್ಕೆ ಕಟ್ಟುವ ಖರ್ಚು, ಜಾಗ ಎರಡೂ ಜಾಸ್ತಿ. ಆದರೆ ದಿನನಿತ್ಯದ ಗೋಳು ಕಡಿಮೆ. ಮೂತ್ರ ಬೇರೆ ಕೊಳವೆಯಲ್ಲಿ ಹೋಗುವುದರಿಂದ ಮಲ ಒಣಗಿರುತ್ತದೆ, ಮೇಲೆ ಬೂದಿ ಉದುರಿಸಿದರೆ ವಾಸನೆಯೂ ಅಷ್ಟಾಗಿ ಇರುವುದಿಲ್ಲ. ತೊಳೆದ ನೀರು ಮಾತ್ರ ಒಳಗೆ ಬೀಳಬಾರದು, ಅದಕ್ಕೆ ಬೇರೆ ಜಾಗ ಮಾಡಲೇಬೇಕು. ಒಂದು ತೊಟ್ಟಿ ತುಂಬಿದರೆ ಮುಚ್ಚಿ ಇನ್ನೊಂದನ್ನು ಬಳಸಿ. ಮುಚ್ಚಿದ್ದನ್ನು ಕನಿಷ್ಠ 1 ವರ್ಷ, ಚಳಿ ಪ್ರದೇಶದಲ್ಲಿ 2 ವರ್ಷ ಮುಟ್ಟಬೇಡಿ.

ಒಬ್ಬಿಬ್ಬರಿದ್ದರೆ ನಾನು ಬಕೆಟ್ಟೇ ಸಾಕು ಎನ್ನುತ್ತೇನೆ. ತುಂಬಿದ ಮನೆಗೆ ತೊಟ್ಟಿ. ಅಂತರ್ಜಲ ಮೇಲೇ ಇರುವ ಜಾಗವಾದರೆ ತೊಟ್ಟಿಯನ್ನು ನೆಲದಿಂದ ಮೇಲಕ್ಕೇ ಕಟ್ಟಿಸಿ.