ಸೀಟಿನ ಕೆಳಗಿನ ಪ್ಲಗ್ಗಿಗೆ ಮ್ಯಾಗ್ನೆಟ್ ಸಾಕೆಟ್: ಸೆಟ್ ಬೇಡ, ಬಿಡಿ ತಗೊಳ್ಳಿ

ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ತರುವ, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಒಯ್ಯುವ, ಸವಣೂರಿನಿಂದ ವೀಳ್ಯದೆಲೆ ಪೆಂಡಿ ಹೇರಿಕೊಂಡು ಬರುವ ಸಣ್ಣ ಪಿಕಪ್‌ಗಳಲ್ಲಿ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳು ಈಗ ಸಾಕಷ್ಟಿವೆ. ಸೂಪರ್ ಕ್ಯಾರಿ, ಏಸ್ ಗೋಲ್ಡ್ ಪೆಟ್ರೋಲ್‌ನಂಥವುಗಳ ಬಾನೆಟ್ ಎತ್ತಿದರೆ ಎಂಜಿನ್ ಕಾಣುವುದಿಲ್ಲ. ಅದು ಇರುವುದು ಸೀಟಿನ ಕೆಳಗೆ. ಸೀಟ್ ಎತ್ತಿದಾಗ ಸಿಗುವ ಕಿಂಡಿ ಎಂಜಿನ್ನಿಗಿಂತ ಚಿಕ್ಕದು. ನಡುವಿನ ಸ್ಪಾರ್ಕ್ ಪ್ಲಗ್ಗಿಗೆ, ಅಂದರೆ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಗೆ, ಕೈ ನೇರ ಇಳಿಯುತ್ತದೆ, ಅಂಚಿನದು ತಗಡಿನ ಮರೆಗೆ ಹೋಗುತ್ತದೆ. ಬೈಕಿನ ಪ್ಲಗ್ ಪಾನಾ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಹುಬ್ಬಳ್ಳಿ, ಗದಗ, ಹಾವೇರಿಯ ಟೂಲ್ಸ್ ಅಂಗಡಿಗಳಲ್ಲಿ ‘ಪ್ಲಗ್ ಸೆಟ್’ ಅಂತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವ ಸಾಮಾನಿನ ಬಗ್ಗೆ ಈ ಬರಹ. ಹೆಸರಿಲ್ಲದ ಡಬ್ಬಿಗಳೇ ಹೆಚ್ಚು, ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ: 16 ಮತ್ತು 14 ಎಂಎಂ ಉದ್ದ ಸಾಕೆಟ್ (ಪ್ಲಗ್ಗಿನ ತಲೆಗೆ ಕೂರುವ ಕೊಳವೆಯಂಥ ಪಾನಾ), ಉದ್ದ ಹೆಚ್ಚಿಸುವ ಎರಡು ಮೂರು ಎಕ್ಸ್‌ಟೆನ್ಷನ್, ಒಂದು ಯುನಿವರ್ಸಲ್ ಜಾಯಿಂಟ್ (ಓರೆಯಾಗಿ ತಿರುಗಿಸಲು ಬಾಗುವ ಕೀಲು), ಹಲ್ಲಿನ ಚಕ್ರದ ಹಿಡಿಕೆಯಾದ ಒಂದು ರ‍್ಯಾಚೆಟ್.

ಡಬ್ಬಿಯಲ್ಲಿ ದುಡ್ಡಿಗೆ ತಕ್ಕ ವಸ್ತು ಅಂದರೆ ಮ್ಯಾಗ್ನೆಟ್ ಇರುವ ಉದ್ದ ಸಾಕೆಟ್ ಒಂದೇ. ಒಳಗೆ ರಬ್ಬರ್ ಇರುವ ಸಾಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಪ್ಲಗ್ ಕೂರುವ ಆಳದ ಗುಂಡಿಯಲ್ಲಿ ಅದರ ಗುಣವೇ ಅದಕ್ಕೆ ಮುಳುವು. ರಬ್ಬರ್ ಪ್ಲಗ್ಗಿನ ಪಿಂಗಾಣಿಯನ್ನು ಗಟ್ಟಿ ಕಚ್ಚಿಕೊಳ್ಳುತ್ತದೆ. ಹೊಸ ಪ್ಲಗ್ ಕೂರಿಸಿ ಮೇಲಕ್ಕೆ ಜಗ್ಗಿದರೆ ಎಕ್ಸ್‌ಟೆನ್ಷನ್ ಮಾತ್ರ ಕೈಗೆ ಬರುತ್ತದೆ, ಸಾಕೆಟ್ ಪ್ಲಗ್ಗಿನ ಮೇಲೇ ಉಳಿಯುತ್ತದೆ. ತಗಡಿನ ಮರೆಯ ಗುಂಡಿಯಲ್ಲಿ ಸಾಕೆಟ್ ಉಳಿದರೆ ಅದನ್ನು ತೆಗೆಯುವ ಹೊತ್ತಿಗೆ ಇನ್ನೊಂದು ಪ್ಲಗ್ ಹಾಕಿ ಮುಗಿಸಬಹುದು. ಮ್ಯಾಗ್ನೆಟ್ ಪ್ಲಗ್ಗಿನ ಉಕ್ಕಿನ ಷಟ್ಕೋನವನ್ನು ಮಾತ್ರ ಹಿಡಿಯುತ್ತದೆ; ಎತ್ತುವಾಗ ಬಿಡುವುದಿಲ್ಲ, ಕೂತ ಮೇಲೆ ಸಲೀಸಾಗಿ ಬಿಡುತ್ತದೆ. ಅದರದ್ದೂ ಒಂದು ದೋಷ ಇದೆ: ಕಬ್ಬಿಣದ ಪುಡಿಯನ್ನೂ ಅಷ್ಟೇ ಪ್ರೀತಿಯಿಂದ ಎಳೆದುಕೊಳ್ಳುತ್ತದೆ. ಪ್ರತಿ ಸಲ ಇಳಿಸುವ ಮುಂಚೆ ಒಳಗೆ ಬಟ್ಟೆ ಹಾಕಿ ಒರೆಸಬೇಕು.

ಅಂಗಡಿಯಲ್ಲಿ ನೋಡಬೇಕಾದ್ದು ಸಾಕೆಟ್ಟಿನ ಗೋಡೆಯ ದಪ್ಪ. ಒಳಗೆ 16 ಎಂಎಂ ಇದ್ದರೂ ಹೊರಗಿನಿಂದ ದಪ್ಪ ಇದ್ದರೆ ಗುಂಡಿಗೆ ಇಳಿಯುವುದೇ ಇಲ್ಲ. ಹೋಗುವ ಮುಂಚೆ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಬೂಟ್ ಕಿತ್ತು, ಗುಂಡಿಯ ಬಾಯಿಗೆ ಕೂರುವ ಜಾಗದಲ್ಲಿ ಅದರ ಅಡ್ಡಳತೆ ತಗೊಳ್ಳಿ. ಸಾಕೆಟ್ ಅದಕ್ಕಿಂತ ಸಣ್ಣಗೆ ಇರಬೇಕು. ಪ್ಲಗ್ಗಿನ ಷಟ್ಕೋನ 16 ಎಂಎಂ ಇದೆಯೋ 14 ಎಂಎಂ ಇದೆಯೋ ಅನ್ನುವುದನ್ನೂ ಹೊಸ ಪ್ಲಗ್ ತಂದ ದಿನವೇ ಅಳೆಯಿರಿ, ಎಂಜಿನ್ ಬಿಚ್ಚಿಟ್ಟುಕೊಂಡು ಅಲ್ಲ. ಅರ್ಧ ಇಂಚಿನ ಚೌಕದ (ಹಿಡಿಕೆ ಕೂರುವ ಚೌಕ ತೂತಿನ ಅಳತೆ) ಸಾಮಾನು ನಮ್ಮ ಕಡೆ ಎಲ್ಲೆಡೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಅದು ದಪ್ಪ. 3/8, ಅಂದರೆ ಮೂರು ಸೂತಿನದೇ ಸರಿ.

ಎಕ್ಸ್‌ಟೆನ್ಷನ್‌ಗಳಲ್ಲಿ ಒಂದೇ ಉದ್ದನೆಯದಕ್ಕಿಂತ 75 ಮತ್ತು 150 ಎಂಎಂನ ಜೋಡಿ ಲೇಸು. ಕಿಂಡಿ ಇಕ್ಕಟ್ಟಾದ ಕಡೆ ಸಾಕೆಟ್ ಮೊದಲು ಗುಂಡಿಗೆ ಇಳಿಸಿ, ಆಮೇಲೆ ಮೇಲಿಂದ ಒಂದೊಂದೇ ತುಂಡು ಜೋಡಿಸುತ್ತ ಹೋಗಬಹುದು. 250 ಎಂಎಂನದು ಅಲ್ಲಿ ಒಳಗೆ ತಿರುಗಿಸಲಿಕ್ಕೇ ಬರುವುದಿಲ್ಲ. ಎರಡು ತುಂಡು ಸೇರುವಲ್ಲಿ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿದರೆ ಎಳೆಯುವಾಗ ಕಳಚುವುದಿಲ್ಲ.

ಯುನಿವರ್ಸಲ್ ಜಾಯಿಂಟ್ ಈ ಡಬ್ಬಿಯ ದುಷ್ಟ. ಅಂಚಿನ ಪ್ಲಗ್ಗಿಗೆ ಇದೇ ಬೇಕು ಅಂತ ಅನ್ನಿಸುತ್ತದೆ, ಅಂಗಡಿಯವರೂ ಇದನ್ನೇ ತೋರಿಸಿ ಮಾರುತ್ತಾರೆ. ಅದರ ಕೆಲಸ ಒಂದೇ: ಆಗಲೇ ಸಡಿಲಾದ ಪ್ಲಗ್ಗನ್ನು ತಿರುಗಿಸುತ್ತ ಹೊರಗೆ ತರುವುದು. ಬಿಗಿದ ಪ್ಲಗ್ಗಿನ ಮೇಲೆ ಜಾಯಿಂಟ್ ಬಾಗಿಸಿಕೊಂಡು ಬಲ ಹಾಕಿದರೆ ಬಲದ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ, ಸಾಕೆಟ್ ಓರೆಯಾಗಿ ಪಿಂಗಾಣಿಗೆ ಒತ್ತುತ್ತದೆ. ಪಿಂಗಾಣಿಗೆ ಕೂದಲೆಳೆಯಷ್ಟು ಬಿರುಕು ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಖಾಲಿ ಗಾಡಿ ಸುಮ್ಮನೆ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದಾಗ ಮಿಸ್ ಹೊಡೆಯುತ್ತದೆ, ಅಂದರೆ ಕಿಡಿ ತಪ್ಪಿ ತಡವರಿಸುತ್ತದೆ. ಎರಡು ಜಾಯಿಂಟ್ ಜೋಡಿಸುವುದಂತೂ ಬೇಡವೇ ಬೇಡ. ಅಂಚಿನ ಪ್ಲಗ್ಗಿಗೆ ಅಡ್ಡ ಬರುವ ಪೈಪ್, ಏರ್ ಫಿಲ್ಟರ್ ಡಬ್ಬಿ, ಕ್ಲಿಪ್ಪು ಬಿಚ್ಚಲು ಹತ್ತು ನಿಮಿಷ ಕೊಟ್ಟರೆ ಸಾಕೆಟ್ ನೇರ ಇಳಿಯುತ್ತದೆ. ಜಾಯಿಂಟ್ ಬಳಸಲೇಬೇಕಾದರೆ ಅದರ ಮೇಲೂ ಎರಡು ಸುತ್ತು ಟೇಪ್ ಹಾಕಿ, ತಲೆ ಜೋಲು ಬೀಳದಷ್ಟು ಬಿಗಿ ಬರುತ್ತದೆ.

ಡಬ್ಬಿಯ ರ‍್ಯಾಚೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 24 ಹಲ್ಲಿನದಾದರೆ ಪ್ರತಿ ‘ಟಿಕ್’ಗೆ ಹಿಡಿಕೆ 15 ಡಿಗ್ರಿ ತಿರುಗಬೇಕು, 72 ಹಲ್ಲಿನದಾದರೆ 5 ಡಿಗ್ರಿ ಸಾಕು. ಸೀಟಿನ ಕೆಳಗೆ ಆ ಹತ್ತು ಡಿಗ್ರಿಯ ವ್ಯತ್ಯಾಸ ಗೆಣ್ಣಿನ ಚರ್ಮ ಉಳಿಸುತ್ತದೆ.

ಇನ್ನು ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ, ರಾತ್ರಿ ನಿಲ್ಲಿಸಿ ಮುಂಜಾನೆ ಮಾಡುವುದು ಉತ್ತಮ. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ; ಪ್ಲಗ್ ಉಕ್ಕು. ಬಿಸಿಯಲ್ಲಿ ಬಿಚ್ಚಿದರೆ ಹೆಡ್ಡಿನ ಥ್ರೆಡ್ ಪ್ಲಗ್ಗಿನ ಜೊತೆಗೇ ಕಿತ್ತು ಬರಬಹುದು. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಸಿಎನ್‌ಜಿ ಗಾಡಿಯಾದರೆ ಗ್ಯಾಸಿನ ಕೈ ವಾಲ್ವ್ ಮುಚ್ಚಿ, ಉಕ್ಕಿನ ಗ್ಯಾಸ್ ಪೈಪಿನ ಮೇಲೆ ಪಾನಾ ಆನಿಸಿ ಸನ್ನೆ ಹಾಕಬೇಡಿ, ಅದರ ನಟ್ ಮುಟ್ಟಲೇಬೇಡಿ. ಗ್ಯಾಸ್ ವಾಸನೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಗಾಡಿಯನ್ನು ಬಯಲಿಗೆ ತಳ್ಳಿ.

ನಮ್ಮ ಭಾಗದಲ್ಲಿ ಎಲ್ಲರೂ ತಪ್ಪುವುದು ಇದರ ನಂತರದ ಹೆಜ್ಜೆ. ನವಲಗುಂದ, ಗದಗ ಕಡೆಯ ಎರೆ ಮಣ್ಣಿನ ಹುಡಿ ಹಿಟ್ಟಿನಷ್ಟು ನುಣುಪು. ಚಕ್ರದಿಂದ ಎದ್ದು ಎಂಜಿನ್ ಮೇಲೆ ಕೂತು ಪ್ಲಗ್ಗಿನ ಗುಂಡಿಯ ಸುತ್ತ ಗಟ್ಟಿ ಪದರವಾಗಿರುತ್ತದೆ. ಮೆಣಸಿನಕಾಯಿ ಸಾಗಿಸುವ ಗಾಡಿಯಲ್ಲಿ ಅದರ ಜೊತೆ ಬೀಜ, ತೊಟ್ಟು, ಕೆಂಪು ಪುಡಿ. ಬೂಟ್ ಕಿತ್ತ ಕೂಡಲೇ ಪ್ಲಗ್ ತಿರುಗಿಸಿದರೆ ಇದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಆದ್ದರಿಂದ ಬೂಟ್ ಇರುವಾಗಲೇ ಒಮ್ಮೆ ಬ್ರಷ್ ಆಡಿಸಿ. ಬೂಟ್ ತೆಗೆದ ಮೇಲೆ ಪ್ಲಗ್ ಸಡಿಲಿಸುವ ಮುಂಚೆ ಕಾಲಿನ ಪಂಪಿನಿಂದಲೋ ಪಂಕ್ಚರ್ ಅಂಗಡಿಯ ಗಾಳಿಯಿಂದಲೋ ಗುಂಡಿ ಊದಿ. ಕಣ್ಣಿಗೆ ಕನ್ನಡಕ ಇರಲಿ, ಮೆಣಸಿನ ಗಾಡಿಯಾದರೆ ಮೂಗಿಗೆ ಬಟ್ಟೆಯೂ ಇರಲಿ. ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ ಮತ್ತೊಮ್ಮೆ ಊದಿ. ಬುಡದ ವಾಶರಿನ ಸುತ್ತ ಅಂಟಿದ ಹುಡಿ ಆಗ ಬಿಡುತ್ತದೆ.

ಒಂದು ಸಲಕ್ಕೆ ಒಂದೇ ಪ್ಲಗ್. ವೈರ್ ಇರುವ ಗಾಡಿಯಲ್ಲಿ ಅದಲು ಬದಲಾದರೆ ಎಂಜಿನ್ ನಡುಗುತ್ತದೆ. ಪ್ಲಗ್ ಮೇಲೇ ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡುವ ಭಾಗ) ಕೂತಿದ್ದರೆ ಅದನ್ನು ಹಿಡಿದಿರುವುದು ಸಾಮಾನ್ಯವಾಗಿ 10 ಎಂಎಂ ತಲೆಯ ಒಂದು ಬೋಲ್ಟ್. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಜಗ್ಗಬೇಡಿ. ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕಿಟ್ ಥರ ಮುರಿಯುತ್ತದೆ. ಬೂಟ್ ಅಂಟಿಕೊಂಡಿದ್ದರೆ ಎಡಕ್ಕೆ ಬಲಕ್ಕೆ ತಿರುವಿ ಆಮೇಲೆ ಎತ್ತಿ. ಪ್ಲಗ್ ಬರುವಾಗ ‘ಕಿರ್’ ಅಂತ ಬಿಗಿ ಹಿಡಿದರೆ ಹಟ ಬೇಡ. ಅರ್ಧ ಸುತ್ತು ಹಿಂದಕ್ಕೆ ಬಿಗಿದು ಥ್ರೆಡ್ಡಿಗೆ ತುಕ್ಕಿನ ಎಣ್ಣೆ ನಾಲ್ಕು ಹನಿ ಬಿಟ್ಟು, ಕಾದು, ಮುಂದೆ ಹಿಂದೆ ತಿರುಗಿಸುತ್ತ ತೆಗೆಯಿರಿ. ಇಲ್ಲಿ ಥ್ರೆಡ್ ಹೋದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಸುರುಳಿ) ಹಾಕಿಸಬೇಕು, ಅದು ಸೀಟಿನ ಕೆಳಗೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಂಜಿನ್ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ನೋಡಿ. ಬೆಳ್ಳಗೆ ಬೊಬ್ಬೆ ಎದ್ದಿದ್ದರೆ ಅತಿ ಬಿಸಿ. ಗುಂಡಿಯಲ್ಲೇ ಆಯಿಲ್ ನಿಂತಿದ್ದರೆ ಎಂಜಿನ್ನಿನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರಿನ) ಪ್ಯಾಕಿಂಗ್ ಅಥವಾ ಗುಂಡಿಯ ಸೀಲ್ ಹೋಗಿದೆ. ಹೊಸ ಪ್ಲಗ್ ಹಾಕಿದರೂ ಬೂಟ್ ಆ ಆಯಿಲ್‌ನಲ್ಲಿ ಉಬ್ಬಿ ಕೆಡುತ್ತದೆ. ಪಿಂಗಾಣಿಯ ಬುಡದಲ್ಲಿ ಕಾಣುವ ಕಂದು ಉಂಗುರ ನೋಡಿ ಗ್ಯಾಸ್ ಸೋರಿದೆ ಅಂತ ಗಾಬರಿ ಬೀಳುವವರಿದ್ದಾರೆ. ಅದು ಹೈ ವೋಲ್ಟೇಜಿಗೆ ಅಂಟಿದ ಕಲೆ ಅಷ್ಟೇ. ಉದ್ದಕ್ಕೆ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಇದ್ದರೆ ಮಾತ್ರ ಕಿಡಿ ಹೊರಗಿನಿಂದ ಹಾರಿದೆ. ಆಗ ಬೂಟನ್ನೂ ಬದಲಿಸಿ.

ಹೊಸ ಪ್ಲಗ್ಗಿನ ನಂಬರ್ ಗಾಡಿಯ ಕೈಪಿಡಿಯಲ್ಲಿ ಇದ್ದದ್ದೇ ಇರಬೇಕು. ನಂಬರಿನಲ್ಲಿ ರೆಸಿಸ್ಟರ್ ಸೂಚಿಸುವ ಅಕ್ಷರ ಇದ್ದರೆ ಅದಿಲ್ಲದ ಪ್ಲಗ್ ಹಾಕಬೇಡಿ, ಕಿಡಿಯ ವಿದ್ಯುತ್ ಗದ್ದಲ ಎಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ತೊಂದರೆ ಕೊಡುತ್ತದೆ. ‘ಡಬ್ಬಿಯಲ್ಲಿ ಗ್ಯಾಪ್ ಸೆಟ್ ಆಗೇ ಬರುತ್ತೆ’ ಅನ್ನುವ ಮಾತು ಅರ್ಧ ನಿಜ. ಸಾಗಣೆಯಲ್ಲಿ ಬಿದ್ದ ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ, ಮುಚ್ಚಿರಬಹುದು, ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ. ಸಿಎನ್‌ಜಿಗೆ ಇದು ಇನ್ನೂ ಮುಖ್ಯ. ಆ ಗ್ಯಾಸಿಗೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು; ಗ್ಯಾಪ್ ಸವೆದು ದೊಡ್ಡದಾದಂತೆ ಆ ಹೊರೆ ಕಾಯಿಲ್ ಮೇಲೆ ಬೀಳುತ್ತದೆ. ಪೆಟ್ರೋಲಿನಲ್ಲಿ ಸರಿ ಓಡುವ ಗಾಡಿ ಗ್ಯಾಸಿಗೆ ಹಾಕಿದ ಕೂಡಲೇ ಜರ್ಕ್ ಹೊಡೆದರೆ ಮೊದಲ ಅನುಮಾನ ಪ್ಲಗ್ ಮೇಲೆ. ನಿಕಲ್ ಪ್ಲಗ್ಗಿನ ಗ್ಯಾಪನ್ನು ಹೊರಗಿನ ಕೊಕ್ಕೆ ಮಾತ್ರ ಬಾಗಿಸಿ ಸರಿ ಮಾಡಬಹುದು. ಇರಿಡಿಯಂ ಆದರೆ ನಡುವಿನ ಸೂಜಿಯನ್ನು ಮುಟ್ಟಬೇಡಿ, ಸ್ವಲ್ಪ ಒತ್ತಿದರೂ ಮುರಿಯುತ್ತದೆ. ಕೈಯಿಂದ ನೆಲಕ್ಕೆ ಬಿದ್ದ ಪ್ಲಗ್ಗನ್ನು, ಹೊಸದೇ ಆಗಿರಲಿ, ಎಂಜಿನ್ನಿಗೆ ಹಾಕಬೇಡಿ.

ಕೂರಿಸುವಾಗ ರ‍್ಯಾಚೆಟ್ ಬದಿಗಿಡಿ. ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಮಾತ್ರ ಹಿಡಿದು ಬೆರಳಿನಿಂದ ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ಡಿನ ಬಾಯಿ ಸಿಕ್ಕಾಗ ‘ಟಕ್’ ಅಂತ ಸಣ್ಣಗೆ ಇಳಿಯುತ್ತದೆ, ಅಲ್ಲಿಂದ ಬಲಕ್ಕೆ. ಅಂಚಿನ ಪ್ಲಗ್ಗಿಗೆ ಇನ್ನೊಂದು ಉಪಾಯ: ಪಿಂಗಾಣಿಯ ಮೇಲೆ ಬಿಗಿಯಾಗಿ ಕೂರುವ ಒಂದು ಗೇಣು ಪೆಟ್ರೋಲ್ ಪೈಪ್. ಪ್ಲಗ್ ಓರೆ ಹೋದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಈ ತುಂಡು ಪೈಪು ಡಬ್ಬಿಯ ಯುನಿವರ್ಸಲ್ ಜಾಯಿಂಟಿಗಿಂತ ಎಷ್ಟೋ ಮೇಲು.

ಬಿಗಿ ಎಷ್ಟು? ವಾಶರ್ ಇರುವ 14 ಎಂಎಂ ಥ್ರೆಡ್ಡಿನ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25–30 ನ್ಯೂಟನ್ ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ), 12 ಎಂಎಂ ಥ್ರೆಡ್ಡಿಗೆ 15–20. ಕೈಪಿಡಿ ಬೇರೆ ಹೇಳಿದರೆ ಅದೇ ಲೆಕ್ಕ. ಒಂದು ಗೇಣು ಉದ್ದದ ಹಿಡಿಕೆಯ ತುದಿಗೆ 11ರಿಂದ 13 ಕಿಲೋ ತೂಗಿದರೆ 25–30 ಆಯಿತು, ಅದಕ್ಕಿಂತ ಹೆಚ್ಚು ಬಲ ಇಲ್ಲಿ ಬೇಕಿಲ್ಲ. ಟಾರ್ಕ್ ಪಾನಾ ಇಲ್ಲದಿದ್ದರೆ 14 ಎಂಎಂ ಹೊಸ ಪ್ಲಗ್ಗನ್ನು ಬೆರಳಿಗೆ ತಡೆಯುವ ತನಕ ತಿರುಗಿಸಿ, ಅಲ್ಲಿಂದ ಅರ್ಧದಿಂದ ಮೂರರಲ್ಲಿ ಎರಡು ಸುತ್ತು. ಹಳೇ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ವಾಶರ್ ಆಗಲೇ ಚಪ್ಪಟೆ ಆಗಿರುತ್ತದೆ, ಹನ್ನೆರಡರಲ್ಲಿ ಒಂದು ಸುತ್ತು ಸಾಕು. ಥ್ರೆಡ್ಡಿಗೆ ಗ್ರೀಸ್, ಆ್ಯಂಟಿ ಸೀಜ್ (ಥ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ಲೇಪ) ಬಳಿಯುವ ಪದ್ಧತಿ ಬಿಡಿ: ಲೇಪ ಇರುವ ಪ್ಲಗ್ಗಿಗೆ ಅದು ಬೇಕಿಲ್ಲ, ಜಾರಿಕೆ ಹೆಚ್ಚಾಗಿ ಅದೇ ಟಾರ್ಕಿಗೆ ಪ್ಲಗ್ ಅತಿ ಬಿಗಿಯಾಗುತ್ತದೆ. ಸಡಿಲ ಬಿಟ್ಟರೂ ಅಪಾಯವೇ. ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯುವುದು ಈ ಬಿಗಿಯಿಂದಲೇ.

ಬೂಟ್ ಒಳಗೆ ಕರೆಂಟ್ ಹರಿಯಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಒತ್ತಿ, ಕನೆಕ್ಟರಿನ ಲಾಕ್ ಸದ್ದು ಕೇಳಿಸಿಕೊಳ್ಳಿ. ಸ್ಟಾರ್ಟ್ ಮಾಡಿದಾಗ ಎಂಜಿನ್ ಲೈಟ್ ಮಿಣುಕಿದರೆ ಕೂಡಲೇ ಆಫ್ ಮಾಡಿ, ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0302 ತೋರಿಸಿದರೆ ಎರಡನೇ ಸಿಲಿಂಡರ್ ಮಿಸ್, ಪಿ0303 ಅಂದರೆ ಮೂರನೆಯದು. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇದ್ದರೆ ಎರಡರದ್ದನ್ನು ಮೂರಕ್ಕೆ ಹಾಕಿ ನೋಡಿ. ಕೋಡ್ ಕೂಡ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಆ ಪ್ಲಗ್ಗನ್ನು ಮತ್ತೆ ತೆಗೆದು ಪಿಂಗಾಣಿ ನೋಡಿ.

ಒಟ್ಟಿನಲ್ಲಿ ಅಂಗಡಿಯಲ್ಲಿ ಕೇಳಬೇಕಾದ್ದು: ಮೂರು ಸೂತಿನ ತೆಳು ಗೋಡೆಯ ಮ್ಯಾಗ್ನೆಟ್ ಸಾಕೆಟ್ ಒಂದು, ನಿಮ್ಮ ಪ್ಲಗ್ಗಿನ ಅಳತೆಯದ್ದು, 75 ಮತ್ತು 150ರ ಎಕ್ಸ್‌ಟೆನ್ಷನ್, 72 ಹಲ್ಲಿನ ರ‍್ಯಾಚೆಟ್, ಒಂದು ಗೇಣು ಪೈಪ್. ಹಳೇ ಪ್ಲಗ್ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ, ಕೌಂಟರಿನ ಮೇಲೇ ಸಾಕೆಟ್ಟಿಗೆ ಹಾಕಿ ತಲೆಕೆಳಗು ಹಿಡಿದು ಕೈ ಅಲ್ಲಾಡಿಸಿ. ಪ್ಲಗ್ ಕೆಳಗೆ ಬಿದ್ದರೆ ಆ ಮ್ಯಾಗ್ನೆಟ್ ಸೀಟಿನ ಕೆಳಗೂ ಹಿಡಿಯುವುದಿಲ್ಲ, ಇನ್ನೊಂದು ಕೇಳಿ.