ಮ್ಯಾಗಜಿನ್ ಪೌಚ್ ಕೊಳ್ಳುವ ಮುಂಚೆ ಒಮ್ಮೆ ತಿರುವಿ ನೋಡಿ

ನಾನು ಹುಬ್ಬಳ್ಳಿಯಲ್ಲಿ ಬ್ಯಾಗ್ ಹೊಲಿಯುವವನು. ದುರ್ಗದ ಬೈಲ್ ಕಡೆ ಸಣ್ಣ ಅಂಗಡಿ, ಎರಡು ಮಷೀನು. ಶಾಲೆ ಬ್ಯಾಗು, ಟಿಫಿನ್ ಬ್ಯಾಗು, ಕೆಟ್ಟುಹೋದ ಚೈನಿಗೆ ಹೊಸ ರನ್ನರ್ ಹಾಕುವುದು, ಇದೇ ನನ್ನ ಕೆಲಸ. ಹದಿನೆಂಟು ವರ್ಷದಿಂದ ನಿವಾರ್, ಬಕಲ್, ದಾರದ ನಡುವೆಯೇ ಇದ್ದೇನೆ. ಅಂಥ ನಾನೇ ಒಂದು ಚೀಲದ ವಿಷಯದಲ್ಲಿ ಟೋಪಿ ಹಾಕಿಸಿಕೊಂಡೆ. ಅದೂ ಸ್ವಂತ ತಮ್ಮನಿಗೆ ಕೊಡಿಸಿದ ಚೀಲ. ನಮ್ಮ ಕಡೆ ಮನೆಗೊಬ್ಬ ಫೌಜಿ ಇರುವ ಊರುಗಳಿವೆ. ಅವರ ಮನೆಯವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ತಮ್ಮ ಸೈನ್ಯದಲ್ಲಿದ್ದಾನೆ. ಹೋದ ದಸರೆಗೆ ರಜೆ ಮೇಲೆ ಬಂದಿದ್ದ. ಬನ್ನಿ ಕೊಟ್ಟು ಬಂದು ಕಟ್ಟೆ ಮೇಲೆ ಕೂತಾಗ ಮಾತಿಗೆ ಮಾತು ಬಂತು. ವೆಸ್ಟ್‌ನ ಮ್ಯಾಗಜಿನ್ ಪೌಚ್ ಸವೆದಿದೆ, ಹೋದ ಮೇಲೆ ಸ್ಟೋರಿನಲ್ಲಿ ಬದಲಿ ಮಾಡಿಸಬೇಕು ಅಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಓದುವ ಮ್ಯಾಗಜಿನ್ ಅಲ್ಲ. ಗುಂಡು ತುಂಬಿ ರೈಫಲ್‌ಗೆ ಸಿಕ್ಕಿಸುವ ಡಬ್ಬಿ. ಸಮವಸ್ತ್ರದ ಮೇಲೆ ತೊಡುವ ತೋಳಿಲ್ಲದ ಜಾಕೆಟ್ಟೇ ವೆಸ್ಟ್. ಆ ಡಬ್ಬಿಯನ್ನು ಅದರ ಎದೆ ಮೇಲೆ ಇಟ್ಟುಕೊಳ್ಳುವ ಚೀಲವೇ ಪೌಚ್. "ಸ್ಟೋರ್ ಯಾಕೋ, ನಾ ಕೊಡಸ್ತೀನಿ ಬಿಡು" ಅಂದೆ. ಅವನು ಬೇಡ ಅಂದರೂ ಕೇಳಲಿಲ್ಲ. ಅಣ್ಣ ಅಲ್ವಾ, ಅದರ ಮೇಲೆ ಬ್ಯಾಗಿನವನು.

ಅವತ್ತೇ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಎರಡೆರಡು ಮ್ಯಾಗಜಿನ್ ಹಿಡಿಯುವ ಮೂರು ಪೌಚ್, ಒಟ್ಟು 2,100 ರೂಪಾಯಿ. "1000 ಡೆನಿಯರ್ ಕಾರ್ಡುರಾ", "ಎಲ್ಲ ರೈಫಲ್‌ಗೂ ಸೂಟ್ ಆಗುತ್ತದೆ", "ಮಿಲಿಟರಿ ಗ್ರೇಡ್" ಅಂತೆಲ್ಲ ಬರೆದಿತ್ತು. ಕಾರ್ಡುರಾ ಅಂದರೆ ಗಟ್ಟಿ ನೈಲಾನ್ ಬಟ್ಟೆಗೆ ಹೆಸರಾದ ಬ್ರ್ಯಾಂಡು. ಫೋಟೊ ಏನು ಚೆಂದ ಅಂತೀರಿ! ನಾಲ್ಕು ದಿನಕ್ಕೆ ಬಂತು. ಮನೆಯಲ್ಲಿ ಮ್ಯಾಗಜಿನ್ ಎಲ್ಲಿಂದ ತರೋದು? ನನ್ನ ಮೊಬೈಲು, ಟಿವಿ ರಿಮೋಟು ಹಾಕಿ ನೋಡಿದೆವು. ಸರಿಯಾಗಿ ಕೂತವು. ಅವ್ವ ಇನ್ನೊಂದರಲ್ಲಿ ಶೇಂಗಾ ಚಟ್ನಿಯ ಪ್ಯಾಕೆಟ್ಟು ತುರುಕಿದಳು. ಎಲ್ಲರೂ ನಕ್ಕೆವು. ಪರೀಕ್ಷೆ ಅಷ್ಟಕ್ಕೇ ಮುಗಿಯಿತು.

ಒಂದೂವರೆ ತಿಂಗಳಾದ ಮೇಲೆ ತಮ್ಮನ ಫೋನ್ ಬಂತು. "ಅಣ್ಣಾ, ನಿನ್ನ ಪೌಚ್ ಮಾನಾ ಕಳೀತು ನೋಡು" ಅಂದ.

ಅಭ್ಯಾಸದಲ್ಲಿ ಹೊಟ್ಟೆ ಮೇಲೆ ತೆವಳಿಕೊಂಡು ಹೋಗುವಾಗ ಒಂದು ಪೌಚಿನ ಹಿಂದಿನ ಪಟ್ಟಿ ಕಿತ್ತು, ಪೌಚ್ ಮಗ್ಗುಲಿಗೆ ವಾಲಿತ್ತು. ಮುಚ್ಚಳದ ವೆಲ್ಕ್ರೋದಲ್ಲಿ ಕೆಸರು, ಹುಲ್ಲು ತುಂಬಿ ಅದು ಹಿಡಿಯುವುದನ್ನೇ ಬಿಟ್ಟಿತ್ತು. ಒಂದು ಮ್ಯಾಗಜಿನ್ ಎಲ್ಲೋ ಜಾರಿ ಬಿದ್ದಿದೆ, ಇವನಿಗೆ ಗೊತ್ತೇ ಆಗಿಲ್ಲ. ಸೈನ್ಯದಲ್ಲಿ ಮ್ಯಾಗಜಿನ್ ಕಳೆಯುವುದು ಅಂದರೆ ಛತ್ರಿ ಕಳೆದ ಹಾಗಲ್ಲ. ಒಂದೊಂದಕ್ಕೂ ಲೆಕ್ಕ, ಸಿಗದಿದ್ದರೆ ವಿಚಾರಣೆ. ಇಡೀ ಸೆಕ್ಷನ್ನು, ಅಂದರೆ ಅವನ ತುಕಡಿ, ಸಾಲಾಗಿ ನಿಂತು, ಕಳೆ ಕೀಳುವವರ ಹಾಗೆ ಬಗ್ಗಿ ಬಗ್ಗಿ ಒಂದು ತಾಸು ಹುಡುಕಿತಂತೆ. ಕೊನೆಗೆ ಸಿಕ್ಕಿತು. ಆಮೇಲೆ ತರಬೇತಿ ಕೊಡುವ ಉಸ್ತಾದ್ ಇವನ ಕೈಯಲ್ಲಿ ಎಷ್ಟು ಫ್ರಂಟ್ ರೋಲ್ ಹೊಡೆಸಿದರು ಅನ್ನೋದನ್ನು ಮಾತ್ರ ತಮ್ಮ ಹೇಳಲಿಲ್ಲ.

ಪೌಚ್‌ಗಳನ್ನು ವಾಪಸ್ ಕಳಿಸು ಅಂದೆ. ಬಂದವು. ಮಷೀನಿನ ದೀಪದ ಕೆಳಗೆ ಹಿಡಿದೆ, ನನ್ನ ಮುಖ ನನಗೇ ಸಣ್ಣದಾಯಿತು.

ಮುಂಭಾಗದ ಹೊಲಿಗೆ ಗೆರೆ ಹೊಡೆದ ಹಾಗಿದೆ. ತಿರುವಿದರೆ ಬೇರೆಯೇ ಕಥೆ. ಪೌಚನ್ನು ವೆಸ್ಟಿಗೆ ಬಿಗಿಯುವ ಪಟ್ಟಿ ಇದೆಯಲ್ಲ, ಅದರ ಬುಡದಲ್ಲಿ ಬಾರ್‌ಟ್ಯಾಕ್ ಇರಬೇಕು. ಅಂದರೆ ಒಂದೇ ಜಾಗದಲ್ಲಿ ಹತ್ತಿರ ಹತ್ತಿರ ಹಾಕಿದ ಗಟ್ಟಿ ಹೊಲಿಗೆ. ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿ ನೋಡಿರುತ್ತೀರಿ. ಇಲ್ಲಿ ಎರಡು ಸಾದಾ ಹೊಲಿಗೆ ಹೊಡೆದು, ದಾರ ಕತ್ತರಿಸಿ ಬಿಟ್ಟಿದ್ದರು. ನಾನು ಯುಕೆಜಿ ಮಗುವಿನ ಬ್ಯಾಗಿನ ಹಿಡಿಕೆಗೂ ಹಾಗೆ ಹೊಲಿದು ಕೊಡುವುದಿಲ್ಲ. ಒಳ ಅಂಚಿಗೆ ಪೈಪಿಂಗ್, ಅಂದರೆ ಅಂಚು ಮುಚ್ಚುವ ಪಟ್ಟಿ ಇಲ್ಲ, ಬಟ್ಟೆ ಆಗಲೇ ಎಳೆ ಬಿಡುತ್ತಿತ್ತು. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಹಿಡಿದೆ. ಕಪ್ಪು ಹೊಗೆ, ತುದಿಗೆ ಕಪ್ಪು ಗಟ್ಟಿ ಮಣಿ. ನಾವು ಅಗ್ಗದ ಬ್ಯಾಗಿಗೆ ಹಾಕುವ ಪಾಲಿಯೆಸ್ಟರ್ ಮ್ಯಾಟಿ ಬಟ್ಟೆಯೇ ಅದು. ಡೆನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ, ಅಷ್ಟೇ. 1000 ಡೆನಿಯರ್ ಅಂತ ಯಾವ ನೂಲಿನ ಮೇಲೂ ಬರೆಯಬಹುದು. ನೈಲಾನೋ ಪಾಲಿಯೆಸ್ಟರೋ ಅನ್ನುವುದು ಬೇರೆ ಪ್ರಶ್ನೆ. ಇದು ನನಗೆ ಗೊತ್ತಿದ್ದೂ ಕೇಳಲಿಲ್ಲ.

ಇನ್ನು "ಎಲ್ಲ ರೈಫಲ್‌ಗೂ ಸೂಟ್" ಅನ್ನುವ ಮಾತು. ಇದರ ಬಗ್ಗೆ ತಮ್ಮ ಫೋನಿನಲ್ಲೇ ಅರ್ಧ ತಾಸು ಪಾಠ ಮಾಡಿದ. ಇನ್ಸಾಸ್ ರೈಫಲ್ಲಿನ ಮ್ಯಾಗಜಿನ್ 20 ಗುಂಡಿನದು, ಗುಂಡಿನ ದಪ್ಪ 5.56 ಮಿಮೀ, ಒಳಗಿನ ಗುಂಡು ಕಾಣುವಂಥ ಪ್ಲಾಸ್ಟಿಕ್ಕಿನದು. ಎಕೆಯದು 30 ಗುಂಡಿನದು, 7.62 ಮಿಮೀ, ಕುಡುಗೋಲಿನ ಹಾಗೆ ಬಾಗಿರುತ್ತದೆ. 2019ರಲ್ಲಿ ಅಮೆರಿಕದಿಂದ ತರಿಸಲು ಒಪ್ಪಂದವಾದ ಸಿಗ್ 716 ರೈಫಲ್‌ಗೂ 7.62 ಅಂತಲೇ ಹೆಸರು, ಆದರೆ ಅದರ ಗುಂಡು ಎಕೆ ಗುಂಡಿಗಿಂತ ಉದ್ದ, ಮ್ಯಾಗಜಿನ್ 20ರದು. ಒಂದೇ ಸೈನ್ಯ, ಮೂರು ಥರದ ಡಬ್ಬಿ. ಒಂದೇ ಪೌಚು ಮೂರಕ್ಕೂ ಸರಿಹೋಗುತ್ತದೆ ಅಂದರೆ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ ಅಂತಲೇ ತಿಳಿಯಿರಿ. ತಮ್ಮನದು ಎಕೆ ಮ್ಯಾಗಜಿನ್. ಅದು ಪೌಚಿನಿಂದ ಮೇಲೆ ಇಣುಕುತ್ತಿತ್ತು, ಮುಚ್ಚಳದ ಪಟ್ಟಿ ಪೂರ್ತಿ ಕೆಳಗೆ ಬರುತ್ತಿರಲಿಲ್ಲ. ವೆಲ್ಕ್ರೋ ಬೆರಳಗಲ ಮಾತ್ರ ಅಂಟಿಕೊಂಡಿತ್ತು.

ತೂಕ ನಾನು ಯೋಚಿಸಿಯೇ ಇರಲಿಲ್ಲ. ಗುಂಡು ತುಂಬಿದ ಸ್ಟೀಲಿನ ಎಕೆ ಮ್ಯಾಗಜಿನ್ ಒಂದಕ್ಕೆ ಸುಮಾರು 800 ಗ್ರಾಂ. ಆರಕ್ಕೆ ಹೆಚ್ಚುಕಡಿಮೆ ಐದು ಕೆಜಿ. ಐದು ಕೆಜಿ ಜೋಳದ ಹಿಟ್ಟು ಎದೆಗೆ ಕಟ್ಟಿಕೊಂಡು ಉಣಕಲ್ ಕೆರೆ ಸುತ್ತ ಓಡಿ ನೋಡಿ, ಆಮೇಲೆ ಆ ಎರಡು ಹೊಲಿಗೆ ತಡೆಯುತ್ತದಾ ಹೇಳಿ. ನಾನು ಹಾಕಿ ನೋಡಿದ್ದ ರಿಮೋಟು ನೂರು ಗ್ರಾಂ ಇದ್ದರೆ ಹೆಚ್ಚು.

ವೆಲ್ಕ್ರೋ ವಿಷಯದಲ್ಲಿ ತಮ್ಮ ಇನ್ನೊಂದು ಮಾತು ಹೇಳಿದ. ಕೆಸರಿರಲಿ, ಅದರ ಸದ್ದೇ ದೊಡ್ಡ ತೊಂದರೆಯಂತೆ. ರಾತ್ರಿ ಸುಮ್ನೆ ಕೂತ ಜಾಗದಲ್ಲಿ ಚರ್ರ್ ಅಂದರೆ ಆಚೆಗುಡ್ಡದವರೆಗೂ ಕೇಳುತ್ತದೆ. ಬಕಲ್ ಇದ್ದರೆ ಗಟ್ಟಿ, ಆದರೆ ಚಳಿಗೆ ಬೆರಳು ಮರಗಟ್ಟಿದಾಗ ತೆಗೆಯೋದು ತಡ. ಮುಚ್ಚಳವೇ ಇಲ್ಲದೆ ಎಲಾಸ್ಟಿಕ್ ಹಗ್ಗ ಹಾಕಿದ್ದು ಬೇಗ ಬಿಚ್ಚುತ್ತದೆ, ಆದರೆ ತೆವಳುವಾಗ ಮಣ್ಣು ಒಳಗೆ ಹೋಗುತ್ತದೆ. ಯಾವುದು ಒಳ್ಳೆಯದು ಅಂತ ಕೇಳಿದರೆ "ಎಲ್ಲಿ, ಏನ್ ಕೆಲಸಕ್ಕ ಹೊಂಟೀವಿ ಅನ್ನೋದರ ಮ್ಯಾಲೆ" ಅಂದ. ಇದನ್ನು ಹುಬ್ಬಳ್ಳಿಯಲ್ಲಿ ಕೂತು ನಾನು ಹೇಗೆ ತೀರ್ಮಾನ ಮಾಡಲಿ?

ಜಾಗವೂ ಅಷ್ಟೇ. ಮೂರನ್ನೂ ಎದೆಯ ನಡುವೆ ಸಾಲಾಗಿ ಕಟ್ಟಿದರೆ ಫೋಟೊದಲ್ಲಿ ಹೀರೊ. ನೆಲಕ್ಕೆ ಮಲಗಿದರೆ ಇಟ್ಟಿಗೆ ಮೇಲೆ ಮಲಗಿದ ಹಾಗೆ, ಎದೆ ಮೇಲೆದ್ದು ನಿಲ್ಲುತ್ತದೆ. ಬಲಗೈ ರೈಫಲ್ಲಿನ ಹಿಡಿಕೆಯ ಮೇಲೆ ಇರುತ್ತದೆ, ಎಡಗೈ ಮ್ಯಾಗಜಿನ್ ಎಳೆಯಬೇಕು. ಅದಕ್ಕೆ ಪೌಚ್ ಎಡ ಮಗ್ಗುಲಿಗೆ ಸರಿದಿರಬೇಕು. ನಾನು ಕೊಡಿಸಿದ್ದು ಸರಿಯುತ್ತಲೂ ಇರಲಿಲ್ಲ. ವೆಸ್ಟಿನ ಮೇಲೆ ಅಡ್ಡ ನಿವಾರ್ ಸಾಲು ಇರುತ್ತದೆ: ಒಂದಿಂಚು ಅಗಲ, ಒಂದಿಂಚು ಬಿಡುವು, ಒಂದೂವರೆ ಇಂಚಿಗೊಂದು ಹೊಲಿಗೆ. ಮೊಲ್ಲೆ ಅಂತಾರೆ ಆ ಪದ್ಧತಿಗೆ. ನಾನು ಟೇಪು ಹಿಡಿದು ನೋಡಿದೆ, ಈ ಪೌಚಿನ ಹಿಂದಿನ ಪಟ್ಟಿಗಳು ಆ ಅಳತೆಗೆ ಎಲ್ಲೂ ತಾಳೆಯಾಗಲಿಲ್ಲ. ತಳದಲ್ಲಿ ನೀರು ಇಳಿಯಲು ತೂತೂ ಇರಲಿಲ್ಲ. ಹಳ್ಳ ದಾಟಿದ ಮೇಲೆ ತಂಬಿಗೆ ತಂಬಿಗೆ ನೀರು ಹೊತ್ತು ನಡೆದೆ ಅಂದ ತಮ್ಮ.

ಮಾರಿದವನಿಗೆ ಫೋನ್ ಮಾಡಿದೆ. ಏಳು ದಿನ ದಾಟಿದೆ, ಬಳಸಿದ ಮಾಲು, ವಾಪಸ್ ಇಲ್ಲ ಅಂದ. ಬಿಲ್ ತೆಗೆದು ಮತ್ತೆ ಓದಿದೆ. ಅದರಲ್ಲಿ ಮಾಲಿನ ಹೆಸರು "ಆಟಿಕೆ ಸಾಮಾನು" ಅಂತಿತ್ತು! ಪ್ಲಾಸ್ಟಿಕ್ ಗುಂಡಿನ ಆಟದ ಬಂದೂಕಿಗೆ ಮಾಡಿದ ಪೌಚು, ಮಿಲಿಟರಿ ಗ್ರೇಡ್ ಅಂತ ಮಾರಿದ್ದಾರೆ. ಕೇಳಿದರೆ "ಬಿಲ್‌ನಲ್ಲಿ ಸರಿಯಾಗೇ ಬರೆದೀವಲ್ರೀ" ಅಂದುಬಿಟ್ಟ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಷ್ಟರಲ್ಲಿ ಆ ಜಾಹೀರಾತೇ ಮಾಯವಾಗಿತ್ತು, ನಾನು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ನೀವು ದುಡ್ಡು ಕೊಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಪೊಟ್ಟಣ ಬಿಚ್ಚುವಾಗ ವಿಡಿಯೊ ಮಾಡಿ. ಬಿಲ್ಲಿನ ಸಣ್ಣ ಅಕ್ಷರ ಅವತ್ತೇ ಓದಿ.

ಕೊಡಿಸಲೇಬೇಕು ಅಂತಿದ್ದರೆ ಮೊದಲು ಅವರನ್ನೇ ಕೇಳಿ: ಯೂನಿಟ್ಟಿನಲ್ಲಿ ಹೊರಗಿನದು ಹಾಕಲು ಬಿಡುತ್ತಾರಾ, ಯಾವ ಬಣ್ಣ, ಯಾವ ಮ್ಯಾಗಜಿನ್. ಫೋಟೊ ಕಳಿಸು ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಬೈಸಿಕೊಂಡೆ. ಆಯುಧದ ಫೋಟೊ ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ. ಪೌಚ್ ಬಂದ ದಿನವೇ 800 ಗ್ರಾಂ ಮರಳು ತುಂಬಿದ ಬಾಟಲಿ ಹಾಕಿ, ತಲೆಕೆಳಗು ಮಾಡಿ, ಜೋರಾಗಿ ಅಲ್ಲಾಡಿಸಿ. ಬಟ್ಟೆಯ ಅಂಚು, ಪಟ್ಟಿಯ ಬುಡ ಎಳೆದು ನೋಡಿ. ಸೈನ್ಯ ಸೇರಲು ಬೆಳಗ್ಗೆ ಓಡುವ ಹುಡುಗರೂ ಈಗ ಸೈನ್ಯದ ಪ್ರಿಂಟಿನ ವೆಸ್ಟ್ ಕೊಳ್ಳುತ್ತಿದ್ದಾರೆ. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಪ್ರಿಂಟಿನ ಡಿಸೈನನ್ನು ಸೈನ್ಯ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅಂಗಡಿಯವನು ಮಾರುತ್ತಾನೆ ಅಂತ ನೀವು ತಗೊಂಡು ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ತಮ್ಮ ಈಗ ಸ್ಟೋರಿನ ಪೌಚನ್ನೇ ಹಾಕುತ್ತಾನೆ. ವಾಪಸ್ ಬಂದ ಮೂರರಲ್ಲಿ ಒಂದನ್ನು ಬಾರ್‌ಟ್ಯಾಕ್ ಹೊಡೆದು ಮಷೀನಿನ ಪಕ್ಕಕ್ಕೆ ತೂಗುಹಾಕಿದ್ದೇನೆ, ಕತ್ತರಿ, ಸೀಮೆಸುಣ್ಣ ಇಡಲು. ಇನ್ನೊಂದನ್ನು ಅವ್ವ ತೊಳೆದು ಒಣಗಿಸಿದಳು. ಅದರ ಮೂಲೆಯಲ್ಲಿ ಇನ್ನೂ ಚಟ್ನಿ ವಾಸನೆ ಇದೆ.