ಲೇಸರ್ ಆಯಿತು, ಕನ್ನಡಕ ಹೋಯಿತು. ಡ್ರಾಪ್ಸ್ ಬಾಟಲಿ ಬಿಡಲಿಲ್ಲ

ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸುವವರು ಹೆದರುವುದು ಮಿಷನ್ ಕೆಳಗೆ ಮಲಗುವ ಆ ಕೆಲವು ನಿಮಿಷಗಳಿಗೆ. ಆದರೆ ಎಲ್ಲ ಚೆನ್ನಾಗಿ ಮುಗಿದ ಮೇಲೂ ಕಣ್ಣು ಕಳೆದುಕೊಳ್ಳುವ ದಾರಿ ಒಂದಿದೆ: ಸ್ಟೀರಾಯ್ಡ್ ಹನಿ.

ಅದು ನಡೆಯುವುದು ಹೀಗೆ. ಮೈನಸ್ 5 ಪವರ್, ಪಿಆರ್‌ಕೆ ಮಾಡಿಸಿದ ಕಣ್ಣು. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ) ಮೇಲ್ಪದರ ತೆಗೆದು ಲೇಸರ್ ಹಾಯಿಸಿರುತ್ತಾರೆ. ಮೊದಲ ಮೂರು ದಿನ ಉರಿ, ನೀರು. ಗಾಯದ ಮೇಲೆ ಇಟ್ಟ ಬ್ಯಾಂಡೇಜ್ ಲೆನ್ಸನ್ನು ನಾಲ್ಕೈದು ದಿನಕ್ಕೆ ತೆಗೆಯುತ್ತಾರೆ. ವಾಸಿಯಾಗುವಾಗ ಕಾರ್ನಿಯಾ ಮಸುಕಾಗದಿರಲಿ ಎಂದು ಸ್ಟೀರಾಯ್ಡ್ ಹನಿ ಬರೆಯುತ್ತಾರೆ: ಸಾಮಾನ್ಯವಾಗಿ ದಿನಕ್ಕೆ 4 ಸಲದಿಂದ ಶುರು, ಎರಡು ಮೂರು ತಿಂಗಳಲ್ಲಿ ಇಳಿಸುತ್ತ ಬರುವುದು. ಕಾರ್ನಿಯಾದಲ್ಲಿ ತೆಳು ಮುಚ್ಚಳ (ಫ್ಲಾಪ್) ಎಬ್ಬಿಸಿ ಅದರ ಕೆಳಗೆ ಲೇಸರ್ ಹಾಯಿಸುವ ಲಾಸಿಕ್‌ನಲ್ಲಾದರೆ ಒಂದೆರಡು ವಾರ ಸಾಕು.

ಒಂದು ತಿಂಗಳಿಗೆ ದೃಷ್ಟಿ 6/6. ಇನ್ನು ಚೆಕಪ್ ಯಾಕೆ ಅನಿಸುತ್ತದೆ. ಬಾಟಲಿ ಖಾಲಿಯಾದಾಗ ಹಳೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಆ ಹನಿ ಇರುವುದಿಲ್ಲ. 'ಅದೇ ಕೆಲಸ ಮಾಡುತ್ತೆ' ಎಂದು ಇನ್ನೊಂದು ಕೊಡುತ್ತಾರೆ. ಬರೆದಿದ್ದದ್ದು ಫ್ಲೋರೋಮೆಥೊಲೋನ್, ಕೈಗೆ ಬಂದದ್ದು ಡೆಕ್ಸಾಮೆಥಸೋನ್. ಎರಡೂ ಸ್ಟೀರಾಯ್ಡೇ, ಆದರೆ ಕಣ್ಣಿನ ಪ್ರೆಷರ್ ಏರಿಸುವುದರಲ್ಲಿ ಎರಡನೆಯದು ಬಹಳ ಮುಂದು. ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಅಲ್ಲಿಗೆ ಅದು ದಿನನಿತ್ಯದ ಔಷಧಿಯಾಗಿಬಿಡುತ್ತದೆ.

ಹೀಗೆ ಏರಿದ ಪ್ರೆಷರ್ ಸಾಮಾನ್ಯವಾಗಿ ನೋಯುವುದಿಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ಆಪ್ಟಿಕ್ ನರ ಸವೆದು ಪಕ್ಕದ ನೋಟ ಹೋಗತೊಡಗಿದರೂ ಚಾರ್ಟ್ ಓದಲು ಬರುತ್ತದೆ. ಇದೇ ಗ್ಲಾಕೋಮಾ. ಇದರಿಂದ ಹೋದ ನೋಟ ಮತ್ತೆ ಬರದು. ಮೈನಸ್ ಪವರ್‌ನವರಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು. ಲೇಸರ್ ಮಾಡಿಸುವವರಲ್ಲಿ ಹೆಚ್ಚಿನವರೂ ಅವರೇ.

ಅಳತೆಯಲ್ಲೂ ಒಂದು ಮೋಸವಿದೆ. ಪ್ರೆಷರ್ ನೋಡುವ ಉಪಕರಣ ಕಾರ್ನಿಯಾವನ್ನು ಒತ್ತಿ ಅಳೆಯುತ್ತದೆ. ಲೇಸರ್‌ನಿಂದ ಅದು ತೆಳುವಾಗಿರುವುದರಿಂದ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ರೀಡಿಂಗ್ 21 mmHg ಒಳಗಿದೆ, ನಾರ್ಮಲ್ ಎನ್ನುವ ಹಾಗಿಲ್ಲ. ಲೇಸರ್‌ಗೆ ಮುಂಚಿನ ರೀಡಿಂಗ್ ಜೊತೆ ಹೋಲಿಸಬೇಕು. ಲಾಸಿಕ್ ಕಣ್ಣಿನಲ್ಲಿ ಇನ್ನೂ ಕಷ್ಟ. ಪ್ರೆಷರ್ ಏರಿ ಫ್ಲಾಪ್ ಕೆಳಗೆ ನೀರು ತುಂಬಿದರೆ ನೋಟ ಮಸುಕಾಗುತ್ತದೆ. ನೋಡಲು ಉರಿಯೂತದಂತೆಯೇ ಕಾಣುವುದರಿಂದ ಸ್ಟೀರಾಯ್ಡನ್ನೇ ಹೆಚ್ಚಿಸುವ ತಪ್ಪಾಗುತ್ತದೆ. ಆ ನೀರಿನ ಮೆತ್ತೆಯ ಮೇಲೆ ಕಾರ್ನಿಯಾದ ನಡುಭಾಗದಲ್ಲಿ ಅಳೆದರೆ ಪ್ರೆಷರ್ ಕಡಿಮೆಯೇ ಬರುತ್ತದೆ. ಅಂಚಿನಲ್ಲೂ ಅಳೆಯಲು ಕೇಳಿ.

ಏರಿಕೆ ಹೆಚ್ಚಾಗಿ ಕಾಣಿಸುವುದು ಹನಿ ಶುರುವಾಗಿ ಎರಡರಿಂದ ಆರು ವಾರದೊಳಗೆ. ಹಾಗಾಗಿ ಮೂರನೇ ವಾರದಲ್ಲಿ ಒಂದು ಸಲ, ಆಮೇಲೆ ಸ್ಟೀರಾಯ್ಡ್ ಇರುವವರೆಗೂ ತಿಂಗಳಿಗೊಮ್ಮೆ ಪ್ರೆಷರ್ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಲೇಸರ್‌ಗೆ ಮುಂಚೆಯೇ ಹೇಳಿ. ಲೇಬಲ್‌ನಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಲೋಟೆಪ್ರೆಡ್ನಾಲ್ ಎಂದಿದ್ದರೆ ಸ್ಟೀರಾಯ್ಡ್ ಎಂದೇ ಅರ್ಥ, ಜೊತೆಗೆ ಆಂಟಿಬಯೋಟಿಕ್ ಸೇರಿದ್ದರೂ ಅಷ್ಟೇ. ಇದನ್ನೋದಿ ಹೆದರಿ ನೀವಾಗಿಯೇ ನಿಲ್ಲಿಸಲೂ ಬೇಡಿ. ಪಿಆರ್‌ಕೆ ಕಣ್ಣು ಮಸುಕಾದೀತು. ತಿಂಗಳುಗಟ್ಟಲೆ ಉಳಿಯುವ ಒಣಗಣ್ಣಿಗೆ ಬೇಕಾದದ್ದು ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ಸ್ಟೀರಾಯ್ಡ್ ಅಲ್ಲ.

ಲೇಸರ್‌ಗೆ ಮುಂಚಿನ ಕಾರ್ನಿಯಾ ದಪ್ಪ, ಪವರ್, ಪ್ರೆಷರ್ ಇರುವ ಕಾಗದವನ್ನು ಆಸ್ಪತ್ರೆಯಿಂದ ಕೇಳಿ ಪಡೆದುಕೊಳ್ಳಿ. ವಯಸ್ಸಾದ ಮೇಲೆ ಪೊರೆ ತೆಗೆಸುವಾಗ ಒಳಗಿಡುವ ಲೆನ್ಸಿನ ಲೆಕ್ಕಕ್ಕೂ ಅದನ್ನೇ ಕೇಳುತ್ತಾರೆ.